ಅಜ್ಜಿಯ ಜಡೆಬಿಲ್ಲೆ, ಗ್ಯಾರೇಜಿನ ಕುಲುಮೆ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆಯಲ್ಲೇ ಒಡವೆ ಎರಕ ಹೊಯ್ದ ನಮ್ಮ ಸಾಹಸದ ಬಗ್ಗೆ ನಾಲ್ಕು ಮಾತಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾವು ಅಕ್ಕಸಾಲಿಗರ ಮನೆತನದವರಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಲೆಕ್ಕಪತ್ರ ನೋಡುವವರು, ಇನ್ನೊಬ್ಬರು ಪ್ರಯೋಗಾಲಯದಲ್ಲಿ ದುಡಿಯುವವರು. ಒಡವೆ ಕೆಲಸಕ್ಕೆ ಹೆಸರಾದ ಬರ್ಮಿಂಗ್‌ಹ್ಯಾಮಿನ ಹತ್ತಿರ ಮನೆ ಮಾಡಿದ್ದೇವೆ ಎಂಬುದಷ್ಟೇ ನಮಗೂ ಆ ಕಸುಬಿಗೂ ಇದ್ದ ನಂಟು.

ಈ ಕೆಲಸಕ್ಕೆ ಕಾರಣ ಒಂದು ಜಡೆಬಿಲ್ಲೆ. ನಮ್ಮ ಮಕ್ಕಳ ಅಜ್ಜಿ ಶಿವಮೊಗ್ಗದಲ್ಲಿ ತೀರಿಕೊಂಡಾಗ ಅವರ ಟ್ರಂಕಿನಲ್ಲಿ ಸಿಕ್ಕಿದ್ದು ಅದೊಂದೇ. ಎಂಟು ದಳದ ಹೂವು, ನಡುವೆ ಕೆಂಪು ಹರಳು, ಬೆಳ್ಳಿಯ ಮೇಲೆ ಚಿನ್ನದ ನೀರು. ಒಂದು ದಳ ಮಾತ್ರ ಸ್ವಲ್ಪ ಸೊಟ್ಟ. ಬಾವಿಕಟ್ಟೆಯ ಮೇಲೆ ಬಿದ್ದದ್ದೆಂದು ಅಜ್ಜಿ ಹೇಳುತ್ತಿದ್ದರು. ಬಿಲ್ಲೆ ಒಂದು, ಭರತನಾಟ್ಯ ಕಲಿಯುವ ಹೆಣ್ಣುಮಕ್ಕಳು ಇಬ್ಬರು! "ಕರಗಿಸಿ ಎರಡು ಜೊತೆ ಓಲೆ ಮಾಡಿಸಿಬಿಡಿ" ಎಂದು ಊರಿನಿಂದ ಸಲಹೆ ಬಂತು. ನಮಗೆ ಮನಸ್ಸು ಬರಲಿಲ್ಲ. ಇಂಥದ್ದೇ ಇನ್ನೊಂದನ್ನು ನಾವೇ ಮಾಡೋಣವೆಂದು ಹೊರಟೆವು.

ವಿಧಾನ ಹೊಸದೆಂದು ತಿಳಿಯಬೇಡಿ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ವಿಗ್ರಹದ ಎರಕದ ವಿವರವಿದೆ. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಟೊಳ್ಳಿನೊಳಕ್ಕೆ ಕರಗಿದ ಲೋಹ ಹೊಯ್ಯುವುದು. ಬೆಳ್ಳಿಯಾದರೆ ಮೇಣದ ತೂಕದ 12 ಪಟ್ಟು ಬೇಕೆಂದು ದೊರೆ ಲೆಕ್ಕವನ್ನೂ ಕೊಟ್ಟಿದ್ದಾನೆ. ನಾವು ಮಾಡಿದ್ದೂ ಇದನ್ನೇ. ಮೇಣದ ಜಾಗದಲ್ಲಿ ರೆಸಿನ್ ಬಂತು, ಮಣ್ಣಿನ ಜಾಗದಲ್ಲಿ ಜಿಪ್ಸಂ ಮತ್ತು ಸಿಲಿಕಾ ಬೆರೆಸಿದ ಪುಡಿ ಬಂತು, ಅಷ್ಟೇ. ರೆಸಿನ್ ಮೇಣಕ್ಕಿಂತ ಕೊಂಚ ಭಾರ. ಆದ್ದರಿಂದ ನಮ್ಮ ಲೆಕ್ಕ ಸುಮಾರು ಒಂಬತ್ತೂವರೆ ಪಟ್ಟು. ಅದರ ಮೇಲೆ ಕೈಹಿಡಿತಕ್ಕೆಂದು ಹತ್ತು ಗ್ರಾಂ ಹೆಚ್ಚು.

ಮೊದಲು ಬಿಲ್ಲೆಯನ್ನು ಕ್ಯಾಲಿಪರಿನಲ್ಲಿ ಅಳೆದು ಕಂಪ್ಯೂಟರಿನಲ್ಲಿ ಬಿಡಿಸಿದೆವು. ಬೆಳ್ಳಿ ಆರುವಾಗ ಕುಗ್ಗುತ್ತದೆ, ಉಜ್ಜುವಾಗ ಸವೆಯುತ್ತದೆ. ಅದಕ್ಕಾಗಿ ನೂರಕ್ಕೆ ಎರಡರಷ್ಟು ದೊಡ್ಡದಾಗಿಯೇ ಬಿಡಿಸಿದ್ದಾಯಿತು. ಮುದ್ರಣಯಂತ್ರ ದ್ರವರೂಪದ ರೆಸಿನ್ನಿಗೆ ಅತಿನೇರಳೆ ಬೆಳಕು ಹಾಯಿಸಿ, ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ದಪ್ಪದ ಪದರಗಳನ್ನು ಒಂದರ ಮೇಲೊಂದು ಗಟ್ಟಿಮಾಡುತ್ತ ಹೋಗುತ್ತದೆ. ಸಂಜೆ ಹಚ್ಚಿ ಮಲಗಿದರೆ ಬೆಳಗಿಗೆ ಹೂವು ಸಿದ್ಧ. ಇಲ್ಲಿಯವರೆಗೆ ನಮಗೆ ಬಹಳ ಜಂಬ ಬಂದಿತ್ತು.

ಮೊದಲ ಎರಕದಲ್ಲಿ ಜಂಬ ಇಳಿಯಿತು. ಗೊಂಬೆ ಮಾಡುವ ಸಾಮಾನ್ಯ ರೆಸಿನ್ನನ್ನೇ ಬಳಸಿದ್ದೆವು. ಮೇಣ ಕರಗಿ ಹರಿಯುತ್ತದೆ. ರೆಸಿನ್ ಕರಗದು, ಉಬ್ಬುತ್ತದೆ, ಆಮೇಲೆ ಸುಡುತ್ತದೆ. ಉಬ್ಬಿದಾಗ ಅಚ್ಚು ಸೀಳಿತು, ಸುಟ್ಟಾಗ ಬೂದಿ ಒಳಗೇ ಉಳಿಯಿತು. ಹೊರಬಂದ ಬಿಲ್ಲೆ ಇಲಿ ಕಚ್ಚಿದ ಹಪ್ಪಳದಂತಿತ್ತು! ಎರಡನೆಯ ಸಲ ಎರಕಕ್ಕೆಂದೇ ಮಾಡಿದ ರೆಸಿನ್ ತಂದೆವು. ಆದರೆ ಸ್ಪಿರಿಟ್ಟಿನಲ್ಲಿ ಸರಿಯಾಗಿ ತೊಳೆಯಲಿಲ್ಲ, ಬೆಳಕಿನಲ್ಲಿ ಸಾಕಷ್ಟು ಮಾಗಿಸಲಿಲ್ಲ. ಹಸಿ ರೆಸಿನ್ ತಾಗಿದ ಕಡೆ ಪುಡಿಯ ಹಿಟ್ಟು ಗಟ್ಟಿಯಾಗದೆ ದಳಗಳ ಅಂಚು ಒರಟಾಯಿತು.

ಮೂರನೆಯ ಸಲ ಅವಸರ ಬಿಟ್ಟೆವು. ಬೆಳ್ಳಿ ಹರಿಯಲು ಬೇಕಾದ ಕಡ್ಡಿಯನ್ನು ಹೂವಿನ ದಪ್ಪನೆಯ ಭಾಗಕ್ಕೇ ಜೋಡಿಸಿದೆವು. 100 ಪಾಲು ಪುಡಿಗೆ 40 ಪಾಲು ನೀರು ಕಲಸಿ, ಪಂಪಿನಿಂದ ಗಾಳಿ ಎಳೆದೆವು. ಇಲ್ಲದಿದ್ದರೆ ಒಂದೊಂದು ಗುಳ್ಳೆಯೂ ಒಡವೆಯ ಮೇಲೊಂದು ಬೆಳ್ಳಿಯ ಮೊಡವೆಯಾಗುತ್ತದೆ. ಎರಡು ಗಂಟೆ ಬಿಟ್ಟು ವಿದ್ಯುತ್ ಕುಲುಮೆಗೆ ಇಟ್ಟು, ಮೆಲ್ಲಮೆಲ್ಲನೆ 730 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ, ಆಮೇಲೆ 500ರ ಆಸುಪಾಸಿಗೆ ಇಳಿಸಿದೆವು. ಇಡೀ ರಾತ್ರಿ ಅದರದೇ ಕಾವಲು. ಬೆಳಗಿನ ಜಾವ ಮೂಸೆಯಲ್ಲಿ ಬೆಳ್ಳಿ ಕರಗಿಸಿದೆವು. 92.5 ಪಾಲು ಬೆಳ್ಳಿಗೆ 7.5 ಪಾಲು ತಾಮ್ರ ಬೆರೆತದ್ದು, 893 ಡಿಗ್ರಿಯಲ್ಲಿ ಪೂರ್ತಿ ನೀರಾಗುತ್ತದೆ. ಚಿಟಿಕೆ ಬಿಳಿಗಾರ ಹಾಕಿ ಇನ್ನಷ್ಟು ಕಾಯಿಸಿ ಹೊಯ್ದೆವು. ಹೊಯ್ಯುವ ಕೆಲಸ ಕ್ಷಣಮಾತ್ರದ್ದು. ಆ ಕ್ಷಣ ಗ್ಯಾರೇಜಿನಲ್ಲಿ ಯಾರೂ ಉಸಿರಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಚ್ಚನ್ನು ಬಕೆಟ್ಟಿನ ನೀರಿಗೆ ಅದ್ದಿದಾಗ ಬುಸುಗುಟ್ಟುತ್ತ ಪುಡಿಯೆಲ್ಲ ಉದುರಿ, ಒಳಗಿನಿಂದ ಎಂಟು ದಳವೂ ಕಾಣಿಸಿತು.

ಈ ಹಂತದಲ್ಲಿ ಎರಡು ಎಚ್ಚರಿಕೆ. ಮನೆಯ ಸೌಖ್ಯಕ್ಕೆ ಸಂಬಂಧಿಸಿದವಾದ್ದರಿಂದ ತಮಾಷೆಯಿಲ್ಲದೆ ಹೇಳುತ್ತೇವೆ. ಪುಡಿಯಲ್ಲಿರುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕುಳಿತರೆ ವಾಸಿಯಾಗದ ಕಾಯಿಲೆ ತರುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಧೂಳು ಸೋಸುವ ಸರಿಯಾದ ಮುಖವಾಡವೇ ಬೇಕು. ಹಸಿ ರೆಸಿನ್ನನ್ನು ಬರಿಗೈಯಲ್ಲಿ ಮುಟ್ಟಬಾರದು. ಸುಡುವಾಗಿನ ಹೊಗೆ ಹೊರಗೆ ಹೋಗುವಂತಿರಬೇಕು. ಅಡುಗೆಮನೆಯ ಓವನ್ನಿನಲ್ಲೇ ಮಾಡಬಾರದೇಕೆ ಎಂದು ನಮ್ಮಿಬ್ಬರಲ್ಲಿ ಒಬ್ಬರು ಕೇಳಿದ್ದುಂಟು. ಯಾರೆಂದು ಹೇಳುವುದಿಲ್ಲ. ಇನ್ನು, ಮಾಡಿದ್ದನ್ನು ಮಾರುವ ಆಸೆಯಿದ್ದರೆ ಕಾನೂನು ನೆನಪಿರಲಿ: ಈ ದೇಶದಲ್ಲಿ 7.78 ಗ್ರಾಮಿಗಿಂತ ಹೆಚ್ಚು ತೂಕದ್ದನ್ನು ಬೆಳ್ಳಿಯೆಂದು ಹೇಳಿ ಮಾರಬೇಕಾದರೆ ಹಾಲ್‌ಮಾರ್ಕ್ ಹಾಕಿಸಲೇಬೇಕು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1773ರಿಂದ ಈ ಕೆಲಸ ಮಾಡುತ್ತಿದೆ. ಅದರ ಗುರುತು ಲಂಗರು.

ಯಂತ್ರ ಒಂದು ರಾತ್ರಿಯಲ್ಲಿ ಮಾಡಿದ್ದನ್ನು ಕೈ ಮುಗಿಸಲು ಮೂರು ಭಾನುವಾರ ಹಿಡಿಯಿತು. ಕಡ್ಡಿ ಕತ್ತರಿಸಿ, ಪದರಗಳ ಗೆರೆಯನ್ನೆಲ್ಲ ಅರದಿಂದ ಉಜ್ಜಿದವಳು ಕಿರಿಯ ಮಗಳು. ಊರಿನ ಆಚಾರ್ಯರು ಅಂಗಳದಲ್ಲಿ ಕುಳಿತು ಊದುಗೊಳವೆ ಊದುತ್ತಿದ್ದಾಗ ಕೂಲಿ ಜಾಸ್ತಿಯಾಯಿತೆಂದು ಚೌಕಾಸಿ ಮಾಡಿದ್ದು ನೆನಪಾಗಿ ನಮಗೆ ನಾಚಿಕೆಯಾಯಿತು.

ಸೊಟ್ಟ ದಳವನ್ನು ಏನು ಮಾಡುವುದು? ಅದನ್ನೂ ಹಾಗೇ ಬಿಡಿಸಬೇಕೆಂದು ಕಿರಿಯವಳ ಹಟ. ನೆಟ್ಟಗೆ ಮಾಡೋಣವೆಂದು ಹಿರಿಯವಳು. ನಾವು ನೆಟ್ಟಗೇ ಮಾಡಿದೆವು, ಹಿಂಬದಿಯಲ್ಲಿ 2024 ಎಂದು ಇಸವಿಯನ್ನೂ ಕೊರೆದೆವು. ಬಿದ್ದ ಪೆಟ್ಟು ಅಜ್ಜಿಯದು. ಅದನ್ನು ನಾವು ನಕಲು ಮಾಡಿದರೆ ಮುಂದೆ ಯಾವುದು ಯಾವುದೆಂದು ಮೊಮ್ಮಕ್ಕಳಿಗೆ ತಿಳಿಯದೆ ಹೋದೀತು ಎಂದು ತೋರಿತು.

ಇಷ್ಟೆಲ್ಲ ಆಗಿ ಎರಡನ್ನೂ ಮುಂದಿಟ್ಟರೆ ಇಬ್ಬರೂ ಕೈಚಾಚಿದ್ದು ಹಳೆಯದಕ್ಕೇ! ನಮ್ಮ ಎರಕ ಗೆದ್ದಿತ್ತು, ರಾಜಿ ಸೋತಿತ್ತು. ಕಡೆಗೆ ಅವರೇ ಒಂದು ಒಪ್ಪಂದಕ್ಕೆ ಬಂದರು. ಒಂದು ವರ್ಷ ಹಳೆಯದು ಅಕ್ಕನಿಗೆ, ಮರುವರ್ಷ ತಂಗಿಗೆ. ಯುಗಾದಿಯ ದಿನ ಅದಲುಬದಲು. ಆ ದಿನ ಇಬ್ಬರೂ ಮನೆಗೆ ಬರಲೇಬೇಕಾಗಿರುವುದು ನಮಗಾದ ಲಾಭ.

ಕಂಪ್ಯೂಟರಿನಲ್ಲಿ ಆ ಚಿತ್ರಕ್ಕೆ ಮಕ್ಕಳು ಮೊದಲು ಇಟ್ಟಿದ್ದ ಹೆಸರು 'ಫ್ಲವರ್ 1'. ಈಗ ಅದು 'ಜಡೆಬಿಲ್ಲೆ, ಅಜ್ಜಿಯದು, ಶಿವಮೊಗ್ಗ'. ನಿಮ್ಮ ಮನೆಗಳಲ್ಲೂ ರಾಕಟೆ, ಬುಗುಡಿ, ವಂಕಿ, ಡಾಬುಗಳಿರಬಹುದು. ಎರಕ ಹೊಯ್ಯಿರೆಂದು ನಾವು ಒತ್ತಾಯಿಸುವುದಿಲ್ಲ. ಒಮ್ಮೆ ಹೊರತೆಗೆದು ಅದರ ಹೆಸರೇನು, ತೊಟ್ಟವರು ಯಾರು ಎಂದು ಮಕ್ಕಳಿಗೆ ಹೇಳಿ. ಅಳತೆ ತೆಗೆಯಬೇಕೆನಿಸಿದರೆ ನಮ್ಮ ಕ್ಯಾಲಿಪರ್ ಎಂದಿಗೂ ನಿಮ್ಮದೇ. ಕಾಫಿ ನಮ್ಮ ಲೆಕ್ಕದಲ್ಲಿ.