ಕೈಬಿಟ್ಟ ನೌಕರಿ, ಬೆನ್ನು ಬಿಡದ ಮಾತು



ರಾಜ್ಯೋತ್ಸವದಂದು ನಾಡುನುಡಿಗಳ ವಿಷಯವಾಗಿ ಮಾತನಾಡುವವರು ಬಹಳ ಮಂದಿ ಇದ್ದಾರೆ. ನಾನು ಅನ್ನದ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ. ನಮ್ಮಲ್ಲಿ ಬಹುಮಂದಿ ಈ ವಿಲೆ ಪಾರ್ಲೆಗೆ ಬಂದುದು ನೌಕರಿಗಾಗಿ. ಆ ನೌಕರಿ ಹೋದರೆ ಸಂಬಳ ನಿಲ್ಲುವುದಷ್ಟೇ ಅಲ್ಲ, “ಇವನನ್ನು ಏಕೆ ತೆಗೆದರು?” ಎಂಬ ಪ್ರಶ್ನೆ ಮುಂದಿನ ಧಣಿಯ ಬಾಗಿಲಿಗೆ ನಮಗಿಂತ ಮೊದಲೇ ಹೋಗಿ ನಿಂತಿರುತ್ತದೆ.

ಕೆಲಸ ಹೋದವರೆಲ್ಲ ತಪ್ಪು ಮಾಡಿದವರೆಂದು ತಿಳಿಯುವುದು ಸರಿಯಲ್ಲ. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅವರಲ್ಲಿ ಸಾವಿರಾರು ಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ. 1929ರಲ್ಲಿ ಆರಂಭವಾಗಿ, ಬಿಸ್ಕತ್ತಿನ ಪರಿಮಳದಿಂದ ಈ ಬಡಾವಣೆಯ ಗುರುತಾಗಿದ್ದ ನಮ್ಮ ಪಾರ್ಲೆಯ ಕಾರ್ಖಾನೆ 2016ರಲ್ಲಿ ನಿಂತಿತು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸಿನ ವಿಮಾನಗಳು ಹಾರಾಟ ನಿಲ್ಲಿಸಿದಾಗ ಸಾವಿರಾರು ಸಂಸಾರಗಳು ಅತಂತ್ರವಾದವು. ಇವರ ನಡತೆಗೂ ನೌಕರಿ ಹೋದುದಕ್ಕೂ ಏನು ಸಂಬಂಧ?

ಕಾಯಿದೆಯೂ ಈ ಭೇದವನ್ನು ಬಲ್ಲುದು. ತಪ್ಪಿಗಾಗಿ ವಜಾ ಮಾಡುವುದು ಬೇರೆ. ಕೆಲಸ ಕಡಿಮೆಯಾಯಿತೆಂದು ಜನರನ್ನು ಇಳಿಸುವುದು ಬೇರೆ. ಹೀಗೆ ಇಳಿಸಿದಾಗ, ವರ್ಷ ತುಂಬಿದ ಕಾರ್ಮಿಕನಿಗೆ ಒಂದು ತಿಂಗಳ ನೋಟೀಸು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳ, ಪುನಃ ಜನ ಬೇಕಾದಾಗ ಅವನಿಗೇ ಮೊದಲ ಕರೆ—ಈ ಹಕ್ಕುಗಳು 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಸೇರಿದುವು. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ ಬಂದಿರುವ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿಯೂ ಇವು ಉಳಿದಿವೆ. ಮೊದಲ ಕರೆಯ ಹಕ್ಕಿಗೆ ಮಾತ್ರ ಒಂದು ವರ್ಷದ ಮಿತಿ ಬಂದಿದೆ.

ಆದರೆ ಕೈಗೆ ಬರುವ ಹಣಕ್ಕಿಂತ ಹೆಚ್ಚು ಕಾಲ ಉಳಿಯುವುದು ಕಾಗದದಲ್ಲಿನ ಮಾತು. ಕಲ್ಕತ್ತದ ಸತ್ಯೇಂದ್ರನಾಥ ಬೋಸ್ ರಾಷ್ಟ್ರೀಯ ಮೂಲವಿಜ್ಞಾನ ಕೇಂದ್ರದಲ್ಲಿ ಪ್ರೊಬೇಷನ್ ಮೇಲಿದ್ದ ನೌಕರರೊಬ್ಬರ ವ್ಯಾಜ್ಯವನ್ನು 1999ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅವರನ್ನು ತೆಗೆದ ಆಜ್ಞೆಯು ಹಿಂದಿನ ಕೆಲವು ಪತ್ರಗಳನ್ನು ಹೆಸರಿಸಿತ್ತು. ಕಳಂಕದ ಮಾತು ಆ ಪತ್ರಗಳಲ್ಲಿತ್ತು. ಮುಂದೆ ಕೆಲಸ ಕೊಡುವವನು ಅವನ್ನು ಕೇಳಿ ತರಿಸಿಕೊಳ್ಳಬಹುದು. ಆದುದರಿಂದ ಅಂಥ ಕಳಂಕವೂ ಆಜ್ಞೆಯ ಕಳಂಕವೇ ಎಂದಿತು ನ್ಯಾಯಾಲಯ. ಸರಿಯಾದ ವಿಚಾರಣೆಯಿಲ್ಲದೆ ಹೊರಟ ಆ ಆಜ್ಞೆ ರದ್ದಾಯಿತು. ಇದು ಸರ್ಕಾರಿ ಸಂಸ್ಥೆಗಳ ನೌಕರರಿಗೆ ಸಂಬಂಧಿಸಿದ ನ್ಯಾಯ. ಆದರೂ ಪಾಠ ಎಲ್ಲರಿಗೂ ಸಲ್ಲುತ್ತದೆ.

ತರುಣ ಮಿತ್ರರೆ, ಆ ದಿನ ಬಂದರೆ ಸಿಟ್ಟಿನಲ್ಲಿಯೋ ಸಂಕೋಚದಲ್ಲಿಯೋ ಕೊಟ್ಟ ಕಾಗದಕ್ಕೆಲ್ಲ ರುಜು ಹಾಕಿ ಹೊರಬೀಳಬೇಡಿ. ಪ್ರತಿಯೊಂದು ಶಬ್ದವನ್ನೂ ಓದಿ, ಪ್ರತಿಯನ್ನು ಕೇಳಿ ಪಡೆಯಿರಿ. ಸರ್ವಿಸ್ ಸರ್ಟಿಫಿಕೇಟನ್ನೂ ಕೇಳಿರಿ. ಹೊಸ ಕಡೆಯಲ್ಲಿ ಹಳೆಯ ನೌಕರಿಯನ್ನು ಮುಚ್ಚಿಡಬೇಡಿ. ಪ್ರಾವಿಡೆಂಟ್ ಫಂಡಿಗೆ 2014ರಲ್ಲಿ ಬಂದ 12 ಅಂಕೆಗಳ ಒಂದೇ ನಂಬರು ನೌಕರಿಯಿಂದ ನೌಕರಿಗೆ ಹಿಂಬಾಲಿಸುತ್ತದೆ. ಸೇರಿದ ದಿನ, ಬಿಟ್ಟ ದಿನ ಅದರಲ್ಲಿ ದಾಖಲಾಗಿರುತ್ತವೆ. ನೌಕರಿ ಹೋದುದನ್ನು ಕ್ಷಮಿಸುವ ಧಣಿ ಸಿಗಬಹುದು. ಸುಳ್ಳನ್ನು ಕ್ಷಮಿಸುವವನು ಸಿಗುವುದು ಕಷ್ಟ.

ಇನ್ನು ಹಿರಿಯರಲ್ಲಿ ಒಂದು ಅರಿಕೆ. ನಮ್ಮ ಹೋಟೆಲು, ಅಂಗಡಿಗಳಲ್ಲಿ ಎಷ್ಟೋ ಸಲ ಕಾಗದವೇ ಇರುವುದಿಲ್ಲ. ಗುರುತಿನವರ ಬಾಯಿಮಾತೇ ಸರ್ಟಿಫಿಕೇಟು. “ಆ ಹುಡುಗನನ್ನು ತೆಗೆದರಂತೆ” ಎಂದು ಗಲ್ಲೆಯ ಬಳಿ ಆಡಿದ ಒಂದು ಮಾತು ಸಂಜೆಯೊಳಗೆ ದಾದರ್ ಮುಟ್ಟುತ್ತದೆ, ಮರುದಿನ ಊರನ್ನೂ ಮುಟ್ಟುತ್ತದೆ. ಅಲ್ಲಿ ತಾಯಿ ತಲೆ ತಗ್ಗಿಸುತ್ತಾಳೆ, ತಂಗಿಯ ಸಂಬಂಧದ ಮಾತು ತಡೆಯುತ್ತದೆ. ವಿಚಾರಣೆಯಿಲ್ಲದೆ ಕಳಂಕ ಹಚ್ಚಬಾರದೆಂದು ನ್ಯಾಯಾಲಯ ಹೇಳುವಾಗ, ನಾವು ವಿಚಾರಿಸದೆ ಹಚ್ಚಬಹುದೆ? ಅವನನ್ನು ಕರೆದು, ಕೂಡಿಸಿ, “ಏನಾಯಿತು ತಮ್ಮಾ?” ಎಂದು ಕೇಳೋಣ. ತಪ್ಪಿದ್ದರೆ ತಿದ್ದಿ ಹೇಳೋಣ. ಇಲ್ಲದಿದ್ದರೆ ಬಲ್ಲ ಕಡೆಗೆ ನಾವೇ ಕರೆದುಕೊಂಡು ಹೋಗೋಣ.

ಪರಸ್ಥಳದಲ್ಲಿ ಸಂಘ ಕಟ್ಟುವುದು ಹಬ್ಬದ ಊಟಕ್ಕಷ್ಟೇ ಅಲ್ಲವಷ್ಟೆ!