ಹೊಳಪಿಲ್ಲದ ಹೊದಿಕೆಯೂ ಹುಳುವಿನ ಕಲೆಯೂ

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನಮ್ಮ ಸೀಮೆಯಲ್ಲಿ ಮಳೆಹುಳು ಏಳುವುದನ್ನು ತಾವೆಲ್ಲರೂ ಬಲ್ಲಿರಿ. ಗೆದ್ದಲಿಗೆ ರೆಕ್ಕೆ ಮೂಡಿ, ಹುತ್ತದಿಂದ ಹೊರಟು, ದೀಪವಿದ್ದೆಡೆಗೆ ಮುತ್ತುವುದು ಅದರ ಸ್ವಭಾವ. ಹಿಂದೆ ಲಾಟೀನಿಗೆ ಮುತ್ತುತ್ತಿತ್ತು. ಈಗ ಕಾರಿನ ದೀಪಕ್ಕೆ ಮುತ್ತುತ್ತದೆ. ಮಾಗಡಿ, ಕನಕಪುರಗಳ ಕಡೆ ತಿರುವು ನೋಡಿ ನಿಧಾನವಾಗಿ ಸಾಗುವ ಗಾಡಿಗೆ ತಗುಲಿದ ಹುಳು ಎಷ್ಟೋ ವೇಳೆ ಹಾಗೆಯೇ ಉದುರಿಹೋದೀತು. ಆದರೆ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆಯಷ್ಟೆ. ಅಲ್ಲಿ ಧಾವಿಸುವ ಕಾರಿಗೆ ಬಡಿದದ್ದು ಬಡಿದಲ್ಲಿಯೇ ಅಪ್ಪಚ್ಚಿಯಾಗಿ ಅಂಟಿಕೊಳ್ಳುತ್ತದೆ.

ಈಚೆಗೆ ಯುವಕರು ಕಾರಿನ ಮೂಲ ಬಣ್ಣದ ಮೇಲೆ ವಿನೈಲ್ ಹಾಳೆಯನ್ನು ಹೊದಿಸುವುದುಂಟು. ಇದಕ್ಕೆ ರ್‍ಯಾಪ್ ಎನ್ನುತ್ತಾರೆ. ಅದರಲ್ಲಿಯೂ ಹೊಳಪೇ ಇಲ್ಲದ ಮ್ಯಾಟ್ ಹೊದಿಕೆಯ ಮೇಲೆ ಅನೇಕರಿಗೆ ಮೋಹ. ಹೊಳೆಯದ ಕಾರಿಗಾಗಿ ಹಣ ಕೊಡುವುದೇಕೆ ಎಂದು ಹಿರಿಯರು ಕೇಳಬಹುದು. ಅಭಿರುಚಿಯ ವ್ಯಾಜ್ಯದಲ್ಲಿ ತೀರ್ಪು ಕೊಡುವ ಧೈರ್ಯ ನನಗಿಲ್ಲ. ಆದರೆ ಭಾನುವಾರ ಬಕೆಟ್ಟು ಹಿಡಿದು ಮಗನ ಕಾರನ್ನು ತೊಳೆಯಲು ಹೊರಡುವವರು ಆ ಹಿರಿಯರೇ. ಪಳಪಳ ಹೊಳೆಯುವಂತೆ ಉಜ್ಜುವುದೇ ಶುಚಿ ಎಂದು ಕಲಿತ ಕೈಗಳು ಅವು. ಅಪಾಯವಿರುವುದು ಅಲ್ಲಿಯೇ.

ಹೊಳಪು ಹುಟ್ಟುವ ಬಗೆಯನ್ನು ಚನ್ನಪಟ್ಟಣದ ಗೊಂಬೆಯ ಕುಶಲಿಗಳಿಂದ ತಿಳಿಯಬೇಕು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯನ್ನು ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪೇರುತ್ತದೆ. (ಅರಗೂ ಒಂದು ಕೀಟದ ಸ್ರಾವವೇ. ಒಂದು ಹುಳು ಬಿಟ್ಟುಹೋದದ್ದು ಶೃಂಗಾರ, ಇನ್ನೊಂದರದು ಉಪದ್ರವ!) ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ, ಆದ್ದರಿಂದ ಹೊಳೆಯುತ್ತದೆ. ಮ್ಯಾಟ್ ಹೊದಿಕೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗುಗಳಿದ್ದು, ಬೆಳಕು ದಿಕ್ಕುದಿಕ್ಕಿಗೆ ಚೆದುರುತ್ತದೆ. ಹುಳುವಿನ ಕಲೆಯನ್ನು ಬಲವಾಗಿ ಉಜ್ಜಿದರೆ ಆ ಏರುಗಳು ಸವೆಯುತ್ತವೆ. ಕಲೆ ಹೋಗಿ ಅಲ್ಲೊಂದು ಹೊಳೆಯುವ ಮಚ್ಚೆ ನಿಲ್ಲುತ್ತದೆ. ಅದನ್ನು ಮತ್ತೆ ಮಂದಗೊಳಿಸುವ ಉಪಾಯವಿಲ್ಲ. ಪಾಲಿಷ್, ಮೇಣ, ಸವೆಸುವ ಪೇಸ್ಟುಗಳನ್ನು ಹಚ್ಚಬಾರದೆಂಬುದೂ ಇದೇ ಕಾರಣಕ್ಕೆ.

ಹಾಗಾದರೆ ಕಲೆ ಹೋಗುವುದು ಹೇಗೆ? ಅದಕ್ಕೆ ರಾಮನಗರಕ್ಕೆ ಬರಬೇಕು. ರೇಷ್ಮೆಯ ಎಳೆಗಳನ್ನು ಗೂಡಿನಲ್ಲಿ ಬಿಗಿದಿರುವುದು ಸೆರಿಸಿನ್ ಎಂಬ ಅಂಟು. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲಿಸಿ, ಆಮೇಲೆ ಎಳೆ ಹಿಡಿಯುತ್ತಾರೆ. ಒಣಗೂಡಿನಿಂದ ಎಳೆದರೆ ನೂಲು ತುಂಡಾಗುತ್ತದೆ. ಹುಳುವಿನ ಮೈರಸವೂ ಬಿಸಿಲಿಗೆ ಒಣಗಿದಾಗ ಇಂಥದೇ ಗಟ್ಟಿ ಅಂಟು. ಅದರ ಚಿಪ್ಪೋ ಗಡುಸಾದ ಕೈಟಿನ್. ಒಣಗಿದ್ದನ್ನು ತಿಕ್ಕಿದರೆ ಗೀರುತ್ತದೆ. ಆದ್ದರಿಂದ ಮೊದಲು ನೆನೆಸಬೇಕು.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಾಗಲಿ. ಕೈಗೆ ತಾಳುವಷ್ಟು ಬಿಸಿಯಾದ ನೀರಿಗೆ ಮೇಣ ಬೆರೆಯದ ಮೃದುವಾದ ಕಾರು ಷಾಂಪೂ ಸ್ವಲ್ಪ ಹಾಕಿ, ಮೈಕ್ರೊಫೈಬರ್ ಬಟ್ಟೆ ಅದ್ದಿ, ಕಲೆಯ ಮೇಲೆ ಹೊದಿಸಿಡಿ. ಐದು ಹತ್ತು ನಿಮಿಷ ಅದು ಒಣಗಬಾರದು. ಒಣಗುವಂತಿದ್ದರೆ ಮತ್ತೆ ನೀರು ಹನಿಸಿ. ಇಲ್ಲಿ ಕನ್ನಡದ ಮಾತುಗಳೇ ನಮಗೆ ಬುದ್ಧಿ ಹೇಳುತ್ತವೆ. ಒತ್ತು, ಒರೆಸು, ಉಜ್ಜು, ತಿಕ್ಕು ಎಂದು ನಮ್ಮಲ್ಲಿ ನಾಲ್ಕು ಕ್ರಿಯಾಪದಗಳಿವೆ, ನಾಲ್ಕಕ್ಕೂ ಬಲ ಬೇರೆ ಬೇರೆ. ಈ ಕೆಲಸಕ್ಕೆ ಮೊದಲೆರಡು ಸಾಕು. ಸಡಿಲಗೊಂಡದ್ದನ್ನು ಒತ್ತಿ ಎತ್ತಿ, ಹಗುರವಾಗಿ ಒರೆಸಿ, ನೀರು ಹುಯ್ಯಿರಿ. ಹೋಗದಿದ್ದರೆ ಮತ್ತೊಮ್ಮೆ ನೆನೆಸಿ.

ಆಗಲೂ ಬಿಡದ ಕಲೆಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲನ್ನು, ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ, ಬೆಂಕಿಯಿಂದ ದೂರವಿಟ್ಟು ಬಳಸಬಹುದು. ಪೆಟ್ರೋಲು, ಸೀಮೆಎಣ್ಣೆ, ಥಿನ್ನರುಗಳ ಹತ್ತಿರ ಹೋಗಬೇಡಿ. ಪಾತ್ರೆ ಉಜ್ಜುವ ನಾರು ಅಡುಗೆಮನೆಯಲ್ಲೇ ಇರಲಿ. ಸರ್ವಿಸ್ ಸ್ಟೇಷನ್ನಿಗೆ ಒಯ್ದರೆ ಅಲ್ಲಿನ ಹುಡುಗನಿಗೆ ಇದು ಮ್ಯಾಟ್ ಹೊದಿಕೆ, ಬ್ರಷ್ ಬೇಡ, ನೀರಿನ ಪಿಚಕಾರಿ ಒಂದಡಿಗಿಂತ ಹತ್ತಿರ ಬೇಡ, ಅಂಚುಗಳಿಗೆ ಗುರಿಯಿಡಬೇಡ ಎಂದು ಮೊದಲೇ ಹೇಳಿ. ಅಂಚು ಎದ್ದರೆ ನೀರು ಒಳಹೊಕ್ಕು ಹಾಳೆ ಬಿಚ್ಚುತ್ತದೆ. ಹೇಳದೆ ಬಿಟ್ಟು, ಆಮೇಲೆ ಅವನನ್ನು ಬೈಯುವುದು ನ್ಯಾಯವಲ್ಲ.

ಕೊನೆಗೆ ಒಣಬಟ್ಟೆಯಿಂದ ನೀರನ್ನು ಹೀರಿಸಿ. ಬೋರ್‌ವೆಲ್ಲಿನ ಗಡಸು ನೀರು ಹಾಗೆಯೇ ಒಣಗಿದರೆ ಸುಣ್ಣದ ಚುಕ್ಕೆಗಳು ಕಪ್ಪು ಹೊದಿಕೆಯ ಮೇಲೆ ಎದ್ದು ಕಾಣುತ್ತವೆ.

ಇದನ್ನೆಲ್ಲ ಊರು ಸೇರಿದ ರಾತ್ರಿಯೋ ಮರುದಿನ ಬೆಳಗ್ಗೆಯೋ ಮಾಡಿದರೆ ಸುಲಭ. ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಕೊಳೆತ ರಸದ ಆಮ್ಲ ಹೊದಿಕೆಯನ್ನೇ ತಿನ್ನಬಹುದು. ಹುಳು ಹೋದ ಮೇಲೂ ನೆರಳಿನಂಥ ಗುರುತು ಉಳಿದರೆ ಅದು ಉಜ್ಜಿದರೂ ಹೋಗದು. ಆಗ ಆ ಭಾಗದ ಹಾಳೆಯನ್ನಷ್ಟೇ ಬದಲಾಯಿಸಿಕೊಡುವಂತೆ ಹೊದಿಸಿದವರನ್ನು ಕೇಳಿ. ಇಡೀ ಕಾರಿನದನ್ನು ಕೀಳಬೇಕಾಗಿಲ್ಲ.