ಮೇಡೇ: ಮೂರು ಸಲ ಹೇಳುವ ಮಾತು



'ಮೇ ಡೇ' ಎಂದರೆ ನಮಗೆ ಮೊದಲು ನೆನಪಾಗುವುದು ಮೇ 1ರ ಕಾರ್ಮಿಕರ ದಿನ. ಆದರೆ ವಿಮಾನದ ಪೈಲಟ್ ಅಥವಾ ಹಡಗಿನ ಕ್ಯಾಪ್ಟನ್ ರೇಡಿಯೋದಲ್ಲಿ "ಮೇಡೇ, ಮೇಡೇ, ಮೇಡೇ" ಎಂದರೆ ಅದಕ್ಕೂ ಆ ರಜೆಗೂ ಸಂಬಂಧವೇ ಇಲ್ಲ. "ಜೀವಕ್ಕೆ ಅಪಾಯವಿದೆ, ಕೂಡಲೇ ನೆರವು ಬೇಕು" ಎಂದು ಅದರ ಅರ್ಥ.

ಈ ಪದ ಹುಟ್ಟಿದ್ದು ನಮ್ಮ ರೇಡಿಯೋದವರ ಬಾಯಲ್ಲೇ. 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫೋರ್ಡ್ ಇದನ್ನು ಸೂಚಿಸಿದರು. ತಂತಿಯ ಟಕಟಕದಲ್ಲಿ ಎಸ್‌ಓಎಸ್ ಚೆನ್ನಾಗಿತ್ತು. ಬಾಯಲ್ಲಿ ಹೇಳಿದರೆ 'ಎಸ್' ಅಕ್ಷರ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಲ್ಲಿನ ವಿಮಾನಗಳು ಹೆಚ್ಚಾಗಿ ಹೋಗುತ್ತಿದ್ದುದು ಪ್ಯಾರಿಸ್ಸಿಗೆ. ಹಾಗಾಗಿ 'ನನಗೆ ನೆರವಾಗಿ' ಎನ್ನುವ ಫ್ರೆಂಚ್ ಮಾತು 'ಮೇದೇ' ಇಂಗ್ಲಿಷಿನಲ್ಲಿ 'ಮೇಡೇ' ಆಯಿತು. 1927ರಲ್ಲಿ ಅಂತರರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು.

ಮೂರು ಸಲ ಏಕೆ? ಗದ್ದಲದಲ್ಲಿ ತಪ್ಪಿಹೋಗದಿರಲಿ, ಬೇರೆ ಯಾವುದೋ ಮಾತೆಂದು ತಿಳಿಯದಿರಲಿ ಎಂದು. ತುರ್ತು ಇದೆ, ಆದರೆ ಜೀವಕ್ಕೆ ತಕ್ಷಣದ ಅಪಾಯವಿಲ್ಲ ಎಂದಾದರೆ 'ಪ್ಯಾನ್-ಪ್ಯಾನ್' ಎನ್ನಬೇಕು. ತಮಾಷೆಗೆ ಮೇಡೇ ಎಂದರೆ ಹಲವು ದೇಶಗಳಲ್ಲಿ ಅಪರಾಧ.

ಸರಿಯಾದ ಪದ ಆಡದಿದ್ದರೆ ಏನಾಗುತ್ತದೆ? 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ಆವಿಯಾಂಕಾ 52 ವಿಮಾನ, ಕೆಟ್ಟ ಹವೆಯಿಂದಾಗಿ ಒಂದು ಗಂಟೆಗೂ ಹೆಚ್ಚು ಆಕಾಶದಲ್ಲೇ ಕಾಯಬೇಕಾಯಿತು. ಪೈಲಟ್‌ಗಳು 'ಪ್ರಯಾರಿಟಿ' ಕೇಳಿದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದರು. 'ಎಮರ್ಜೆನ್ಸಿ' ಎಂದು ತಿಳಿಸುವಂತೆ ಕ್ಯಾಪ್ಟನ್ ಹೇಳಿದರೂ ಸಹಪೈಲಟ್ ಆ ಪದವನ್ನು ಕೆಳಗಿನವರಿಗೆ ದಾಟಿಸಲಿಲ್ಲ. ಮೇಡೇ ಎಂತಲೂ ಅನ್ನಲಿಲ್ಲ. ವಿಮಾನ ನೆಲಕ್ಕೆ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು. ತನಿಖೆಯಲ್ಲಿ ಬೇರೆ ಲೋಪಗಳೂ ಕಂಡವು. ಆದರೆ ಆ ಒಂದು ಮಾತು ಆಡದೆ ಉಳಿದದ್ದು ಮುಖ್ಯ ಕಾರಣಗಳಲ್ಲಿ ಒಂದು.

ನಾವೂ ಸಂಕೋಚದ ಜನವೇ ಅಲ್ಲವೇ? ಎದೆ ಹಿಂಡುತ್ತಿದ್ದರೂ "ಏನಿಲ್ಲ, ಸ್ವಲ್ಪ ಗ್ಯಾಸ್ ಇರಬೇಕು" ಎನ್ನುತ್ತೇವೆ. ಈ ದೊಡ್ಡ ಊರಿನಲ್ಲಿ ಪಕ್ಕದ ಮನೆಯವರ ಭಾಷೆ ಬೇರೆ, ಅವರಿಗೆ ತೊಂದರೆ ಏಕೆ ಎಂದು ಸುಮ್ಮನಾಗುತ್ತೇವೆ. ಕಷ್ಟ ನಿಜವಾಗಿ ದೊಡ್ಡದಾಗಿದ್ದರೆ 'ಸ್ವಲ್ಪ' ಎನ್ನುವ ಪದವನ್ನು ಬದಿಗಿಡಿ. ಬಾಗಿಲು ತಟ್ಟಿ. 112ಕ್ಕೆ ಫೋನ್ ಮಾಡಿ. ಯಾವ ಭಾಷೆಯಾದರೂ ಸರಿ, ಬೇಕಾದರೆ ಮೂರು ಸಲ ಹೇಳಿ.